ಆಚಾರಿಯವರ ಬಾಟ್ಲಿಯಲ್ಲಿ ನಲವತ್ತು ಬೆಳ್ಳಿ ರೂಪಾಯಿ – ಯಾವ ಹತ್ತನ್ನು ಆರಿಸಲಿ?

ನೀರ್ಚಾಲಿನವ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಮ್ಮ ಮನೆಯವರು ಅಜ್ಜನ ಕಾಲದಿಂದಲೂ ಹೋಗುವ ಒಬ್ಬರು ಚಿನ್ನದ ಆಚಾರಿ ಇದ್ದಾರೆ. ಕಣ್ಣು ಸರಿ ಕಾಣುವುದಿಲ್ಲ ಅಂತ ಈಗ ಕೆಲಸ ನಿಲ್ಲಿಸುತ್ತಿದ್ದಾರೆ. ಅವರ ಹತ್ರ ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬ ಹಳೆ ರೂಪಾಯಿ ಉಂಟು, ಸುಮಾರು ನಲವತ್ತು. "ಬೆಳ್ಳಿ ರೇಟಿಗೆ ತೂಗಿ ಕೊಡ್ತೇನೆ, ನಿನಗೆ ಬೇಕಾದ್ದು ತೆಗೆದುಕೋ. ಉಳಿದದ್ದನ್ನು ಕರಗಿಸ್ತೇನೆ" ಅಂದರು.

ಅಡಿಕೆ ಮಾರಿದ ದುಡ್ಡಿನಲ್ಲಿ ಹೆಚ್ಚೆಂದರೆ ಹತ್ತು ತೆಗೆದುಕೊಳ್ಳಬಹುದು. ಭಾನುವಾರ ಹೋಗಬೇಕು. ನಾನು ನಾಣ್ಯ ಸೇರಿಸಲು ಶುರು ಮಾಡಿ ಎರಡೇ ವರ್ಷ, ಬ್ರಿಟಿಷರ ಕಾಲದ್ದು ಏನೂ ಗೊತ್ತಿಲ್ಲ. ಹೊಳೆಯುವುದನ್ನು ಆರಿಸಲಾ, ಹಳೆಯದನ್ನು ಆರಿಸಲಾ?

ಇನ್ನೊಂದು ವಿಷಯ. ಅವರು ಆನೆ ಇರುವ ಒಂದು ತಾಮ್ರದ ಕಾಸನ್ನು ಸುಮ್ನೆ ಕೊಟ್ಟರು. ಮನೆಗೆ ತಂದು ಹುಣಸೆಹುಳಿ ಹಾಕಿ ಉಜ್ಜಿದೆ. ಈಗ ಗುಲಾಬಿ ಬಣ್ಣಕ್ಕೆ ತಿರುಗಿದೆ. ತಪ್ಪು ಮಾಡಿದೆನಾ?

ಕುಂಬಳೆ ಕ್ಯಾಶಿಯರ್:

ಮೊದಲು ಆ ಕಾಸಿನ ವಿಷಯ ಹೇಳಿಬಿಡುತ್ತೇನೆ, ಓದಿ ಹೊಟ್ಟೆ ಉರಿಯಿತು. ಆನೆ ಇರುವ ತಾಮ್ರದ ಕಾಸು ನಮ್ಮ ಕಡೆ ಸಿಕ್ಕಿದರೆ ಹೆಚ್ಚಾಗಿ ಟಿಪ್ಪುವಿನ ಕಾಲದ್ದು. ಇನ್ನೂರು ವರ್ಷಕ್ಕೂ ಮೇಲೆ ಕೂತು ಬಂದ ಆ ಕಂದು ಬಣ್ಣವನ್ನು ಹುಳಿ ಐದು ನಿಮಿಷದಲ್ಲಿ ತಿಂದುಹಾಕುತ್ತದೆ. ಅದು ಮತ್ತೆ ಬರುವುದಿಲ್ಲ. ಆದರೂ ಎಸೆಯಬೇಡಿ. ಆನೆ ಎಡಕ್ಕೆ ನೋಡುತ್ತದಾ ಬಲಕ್ಕೆ ನೋಡುತ್ತದಾ, ಅದರ ಮೇಲೆ ಅಕ್ಷರ ಉಂಟಾ ನೋಡಿ. ಇನ್ನೊಂದು ಬದಿಯಲ್ಲಿ ಪರ್ಶಿಯನ್ ಲಿಪಿಯಲ್ಲಿ ಟಂಕಸಾಲೆಯ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗದ ಹೆಸರು ಇರುತ್ತದೆ. ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು. ಇಸವಿ ಕಂಡರೆ, ಟಿಪ್ಪುವಿನ ಮೊದಲ ಕೆಲವು ವರ್ಷಗಳದ್ದು ಬಿಟ್ಟು ಉಳಿದದ್ದರಲ್ಲಿ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಇನ್ನು ಬಾಟ್ಲಿ. ಹೊಳಪು ನೋಡಬೇಡಿ, ಇಸವಿ ನೋಡಿ. ಎಲ್ಲ ರೂಪಾಯಿಯೂ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ಆದರೆ 1939ರವರೆಗಿನದರಲ್ಲಿ ಬೆಳ್ಳಿ ಸುಮಾರು 10.69 ಗ್ರಾಂ. 1940ರಿಂದ 1945ರವರೆಗಿನದರಲ್ಲಿ ಅರ್ಧಕ್ಕರ್ಧ, 5.83 ಗ್ರಾಂ ಮಾತ್ರ. ಬಾಟ್ಲಿಯನ್ನು ಒಟ್ಟಿಗೆ ತೂಗಿದರೆ ನೀವು ಅರ್ಧ ಬೆಳ್ಳಿಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ. ಆಚಾರಿಯವರಿಗೂ ಇದು ಗೊತ್ತಿರುತ್ತದೆ, ಕೇಳಿದರೆ ಬೇರೆ ಬೇರೆ ತೂಗುತ್ತಾರೆ. 1947ರ ಹುಲಿ ಇರುವ ರೂಪಾಯಿ ನಿಕಲ್. ಒಂದು ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಳ್ಳಿ, ನಿಕಲ್ ಹಿಡಿಯುತ್ತದೆ, ಬೆಳ್ಳಿ ಹಿಡಿಯುವುದಿಲ್ಲ.

ಲಾಭ ಇರುವುದು ಬಗೆ ಗುರುತಿಸುವುದರಲ್ಲಿ. 1862ರ ವಿಕ್ಟೋರಿಯಾ ರೂಪಾಯಿ ಬಾಟ್ಲಿಯಲ್ಲಿ ಜಾಸ್ತಿ ಇರಬಹುದು, ಏಕೆಂದರೆ 1874ರವರೆಗೂ ಇಸವಿ ಬದಲಾಯಿಸದೆ 1862 ಅಂತಲೇ ಅಚ್ಚು ಹಾಕಿದರು. ಮುಂಬಯಿ ಟಂಕಸಾಲೆಯವರು ಗುರುತಿಗೆ ಇಸವಿಯ ಕೆಳಗೆ ಸಣ್ಣ ಚುಕ್ಕೆ ಇಡುತ್ತಿದ್ದರು. ಒಂದೊಂದರಲ್ಲಿ ಒಂದೊಂದು ಲೆಕ್ಕ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಇಲ್ಲದೆ ಕಾಣುವುದಿಲ್ಲ. ಸಾಸಿವೆಯ ಅರ್ಧದಷ್ಟೂ ಇಲ್ಲ, ಅದರ ಮೇಲೆ ಕೊಳೆ ಬೇರೆ. ಚುಕ್ಕೆ ಜಾಸ್ತಿ ಇರುವುದು ಸಿಕ್ಕಿದರೆ ತೆಗೆದುಕೊಳ್ಳಲು ಬದಿಗಿಡಿ.

1840ರದ್ದು ಸಿಕ್ಕಿದರೆ ರಾಣಿಯ ತಲೆಯ ಸುತ್ತ ಬರೆದದ್ದನ್ನು ನೋಡಿ. ವಿಕ್ಟೋರಿಯಾ ಕ್ವೀನ್ ಅಂತ ಒಂದೇ ಸಾಲಾಗಿ ತಲೆಯ ಮೇಲಿಂದ ಹೋದರೆ ಒಂದು ಬಗೆ, ತಲೆಯ ಎಡಬಲಕ್ಕೆ ಒಡೆದಿದ್ದರೆ ಇನ್ನೊಂದು. ಎರಡೂ ಒಂದೊಂದು ಇಟ್ಟುಕೊಳ್ಳಿ.

ನನಗೆ ಅತಿ ಇಷ್ಟದ್ದು 1911ರದ್ದು. ಐದನೇ ಜಾರ್ಜ್ ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಉಂಟು. ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತು ಅಂತ ಜನ ತಕರಾರು ಮಾಡಿದರು. ಸರ್ಕಾರ ಅದನ್ನು ವಾಪಸ್ ತೆಗೆದು, 1912ರಿಂದ ಸೊಂಡಿಲು ಸರಿ ಮಾಡಿ ಹೊಸ ಅಚ್ಚು ಹಾಕಿತು. ನಾನು ಬ್ಯಾಂಕಿನಲ್ಲಿದ್ದಾಗ ಒಮ್ಮೆ ಕುಂಬಳೆ ಬೆಡಿಯ (ದೇವಸ್ಥಾನದ ಜಾತ್ರೆಯ ಸುಡುಮದ್ದಿನ ದಿನದ) ಸಂತೆಯಲ್ಲಿ ಒಬ್ಬರ ಗೋಣಿಯ ಮೇಲೆ ಹದಿನಾರು ರೂಪಾಯಿಗಳ ನಡುವೆ ಒಂದನ್ನು ಕಂಡೆ. ಗ್ಯಾಸ್ ಲೈಟಿನ ಬೆಳಕಿನಲ್ಲಿ ಲೆನ್ಸ್ ಇಟ್ಟು ನೋಡುವಾಗ ಕೈ ನಡುಗಿತು. ಮಾರುವವರಿಗೆ ಎಲ್ಲವೂ ಒಂದೇ ಬೆಲೆ. ಇವತ್ತಿಗೂ ನನ್ನ ಹತ್ರ ಉಂಟು, ಕೊಡುವುದಿಲ್ಲ.

1939ರದ್ದು ನಿಜಕ್ಕೂ ಅಪರೂಪ. 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡಿದ ನಕಲಿಗಳು ಬೇಕಾದಷ್ಟು ಇವೆ. ಕೊನೆಯ ಅಂಕೆಯ ಸುತ್ತ ಗೀರು ಇದ್ದರೆ ಬಿಟ್ಟುಬಿಡಿ. 1818 ಅಂತ ಬರೆದು ಹನುಮಂತನನ್ನೋ ರಾಮನನ್ನೋ ಹಾಕಿರುವ ಈಸ್ಟ್ ಇಂಡಿಯಾ ಕಂಪನಿ ಕಾಸು ಕಂಡರೆ ಮುಟ್ಟಲೇಬೇಡಿ. ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ.

ಹೊಸಂಗಡಿ ಅಕ್ಕ:

ಕ್ಯಾಶಿಯರ್ ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಲಕ್ಷ್ಮೀಪೂಜೆಗೆ ಇಟ್ಟ ರೂಪಾಯಿಗಳಲ್ಲಿ ಕುಂಕುಮ ಒಣಗಿ ಇಸವಿಯ ಸಂದಿಯಲ್ಲಿ ಗಟ್ಟಿಯಾಗಿರುತ್ತದೆ, ಚುಕ್ಕೆ ಪೂರಾ ಮುಚ್ಚಿಹೋಗುತ್ತದೆ. ಬ್ರಷ್ ಹಾಕಬೇಡಿ. ಶುದ್ಧ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆ ಪಂಚೆಯ ತುಂಡಿನಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಹಾಗೆ ತೊಳೆದ ಒಂದರಲ್ಲಿ ನನಗೆ ಐದು ಚುಕ್ಕೆ ಕಂಡವು.

ಹಾಂ, ಯಾರ ಮನೆಯಲ್ಲಾದರೂ ದೇವರಿಗೆ ಮುಡಿಪು ಕಟ್ಟಿಟ್ಟ ರೂಪಾಯಿ ಕಂಡರೆ ಕೇಳಬೇಡಿ. ಎಷ್ಟೇ ಅಪರೂಪದ್ದಿರಲಿ.

ನೀರ್ಚಾಲಿನವ:

ಹೋಗಿ ಬಂದೆ. ಬೇರೆ ಬೇರೆ ತೂಗಿ ಅಂದದ್ದಕ್ಕೆ ಆಚಾರಿಯವರಿಗೆ ಖುಷಿಯಾಯಿತು, "ಹುಡುಗನಿಗೆ ಲೆಕ್ಕ ಗೊತ್ತುಂಟು" ಅಂದರು. ನಲವತ್ಮೂರು ಇತ್ತು. ಅದರಲ್ಲಿ ಹದಿನೆಂಟು ಅರ್ಧ ಬೆಳ್ಳಿ. 1911 ಇರಲಿಲ್ಲ. 1840ರ ಎರಡೂ ಬಗೆ ಸಿಕ್ಕಿತು. 1862ರದ್ದು ಏಳು ತಂದೆ. ಮೂರರಲ್ಲಿ ಚುಕ್ಕೆ ಉಂಟು, ಒಂದರಲ್ಲಿ ಕುಂಕುಮ ತುಂಬಿದೆ. ಅದು ಈಗ ಅಡುಗೆಮನೆಯ ಸ್ಟೀಲ್ ಲೋಟದಲ್ಲಿ ನೆನೆಯುತ್ತಾ ಇದೆ. ಬೆಳಿಗ್ಗೆ ಎಣಿಸಿ ಹೇಳುತ್ತೇನೆ. ಉಳಿದ ರೂಪಾಯಿಗಳನ್ನು ಮುಂದಿನ ಕೊಯ್ಲಿನವರೆಗೆ ಕರಗಿಸುವುದಿಲ್ಲ ಅಂತ ಅವರು ಮಾತು ಕೊಟ್ಟಿದ್ದಾರೆ.