ನಂಬರ್ 9 ಮೋವರ್: ಹುಲ್ಲು ಕಚ್ಚಿಕೊಳ್ಳುತ್ತದೆ, ಪಿಟ್‌ಮನ್ ಕೋಲು ಮುರಿಯುತ್ತದೆ. ಯಾರಾದರೂ ಹೇಳಿ

ರಾಘು_ಲ್ಯಾಂಕಾಸ್ಟರ್

ತಲೆ ಕೆಟ್ಟು ಹೋಗಿದೆ. ಹರಾಜಿನಲ್ಲಿ ತಂದ ಮೆಕಾರ್ಮಿಕ್-ಡೀರಿಂಗ್ ನಂಬರ್ 9, ಕುದುರೆ ಎಳೆಯುವ ಹುಲ್ಲು ಕೊಯ್ಯುವ ಯಂತ್ರ. ಗೇರ್ ಬಾಕ್ಸ್ ಚೆನ್ನಾಗಿದೆ, ಎಣ್ಣೆ ಸೋರುವುದಿಲ್ಲ. ಹುಲ್ಲಿಗೆ ಇಳಿಸಿದರೆ ಸ್ವಲ್ಪ ದೂರ ನೀಟಾಗಿ ಕೊಯ್ಯುತ್ತದೆ. ಆಮೇಲೆ ಗಾರ್ಡ್‌ಗಳ (ಕೊಯ್ಯುವ ಬಾರ್‌ನ ಮುಂದಿರುವ ಕಬ್ಬಿಣದ ಬೆರಳುಗಳು) ಮಧ್ಯೆ ಹುಲ್ಲು ಕಚ್ಚಿಕೊಂಡು ನೈಫ್ (ಬಾರ್‌ನಲ್ಲಿ ಅತ್ತಿತ್ತ ಓಡುವ ಅಲಗು) ನಿಂತುಬಿಡುತ್ತದೆ. ಚಕ್ರ ತಿರುಗದೆ ನೆಲ ಕೆರೆದುಕೊಂಡು ಹೋಗುತ್ತದೆ. ಇಳಿದು ಕೈಯಲ್ಲಿ ಕಿತ್ತು ಹಾಕಿ ಮತ್ತೆ ಹೊರಟರೆ ಅದೇ ಕಥೆ. ಸಾಲದ್ದಕ್ಕೆ ಪಿಟ್‌ಮನ್ ಕೋಲು, ಅಂದರೆ ತಿರುಗುವ ಫ್ಲೈವೀಲನ್ನು ನೈಫಿಗೆ ಜೋಡಿಸುವ ಮರದ ಕೋಲು, ಪದೇ ಪದೇ ಮುರಿಯುತ್ತದೆ.

ಸೆಕ್ಷನ್ (ನೈಫಿನ ತ್ರಿಕೋನದ ಹಲ್ಲುಗಳು) ಎಲ್ಲಾ ಹೊಸದು. ಕುದುರೆಗಳು ಪಕ್ಕದ ಆಮಿಶ್ (ಕುದುರೆಯಲ್ಲೇ ಬೇಸಾಯ ಮಾಡುವ ಕ್ರೈಸ್ತ ಪಂಗಡ) ಅಜ್ಜನವು, ಅವುಗಳದ್ದೇನೂ ತಪ್ಪಿಲ್ಲ. ನಾಡಿದ್ದಿನಿಂದ ಮಳೆಯಂತೆ. ಬೇಗ ಹೇಳಿ.

ಮೂಡಿಗೆರೆ_ವರ್ಕ್‌ಶಾಪ್

ಬ್ಲೇಡ್ ಮೊಂಡು ಮಾರಾಯರೇ. ಬೇರೇನೂ ಅಲ್ಲ. ಹೊಸದು ಅಂದ ಮಾತ್ರಕ್ಕೆ ಹರಿತ ಅಂತ ಅಲ್ಲ. ಬಿಚ್ಚಿ ಕಲ್ಲಿಗೆ ಹಿಡಿಯಿರಿ.

ಒಹಾಯೊ_ಹಯಗ್ರೀವ

ರಾಘು ಅವರೇ, ಹೈ ಗೇರ್ ಮಾಡೆಲ್ಲೋ ರೆಗ್ಯುಲರ್ರೋ? ನಂಬರ್ 9ರಲ್ಲಿ ಎರಡೂ ಬಂದಿವೆ. ರೆಗ್ಯುಲರ್ ಆದರೆ ನೈಫ್ ನಿಧಾನ. ಕುದುರೆ ಆರಾಮಾಗಿ ನಡೆದರೆ ದಟ್ಟ ಹುಲ್ಲಲ್ಲಿ ಕಚ್ಚಿಕೊಳ್ಳುವುದೇ. ಚಕ್ರ ಒಂದು ಸುತ್ತು ಬಂದಾಗ ಫ್ಲೈವೀಲ್ ಎಷ್ಟು ಸುತ್ತು ಬರುತ್ತದೆ ಎಣಿಸಿ ಹೇಳಿ. ಬಾರ್ ಎಷ್ಟು ಅಡಿ?

ರಾಘು_ಲ್ಯಾಂಕಾಸ್ಟರ್

ಮಾಮೂಲಿ ಬಾರ್ ಸರ್. ಸೆಕ್ಷನ್ ಹರಿತ ಇವೆ, ಬೆರಳು ಕುಯ್ದುಕೊಂಡಿದ್ದೇನೆ.

ಸುಧಾ_ವಿಸ್ಕಾನ್ಸಿನ್

ಮೊದಲು ಒಂದು ಮಾತು. "ಇಳಿದು ಕೈಯಲ್ಲಿ ಕಿತ್ತು ಹಾಕಿ" ಅಂತ ಓದಿ ಎದೆ ಧಸಕ್ ಅಂತು. ಕುದುರೆ ಕಟ್ಟಿರುವಾಗ ಬಾರ್ ಮುಂದೆ ಯಾರೂ ಹೋಗಬಾರದು. ಅದು ಮೋಟಾರ್ ಅಲ್ಲ, ಸ್ವಿಚ್ ಆಫ್ ಮಾಡೋಕೆ. ನೊಣ ಕಚ್ಚಿ ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ನೈಫ್ ಓಡುತ್ತದೆ. ಕ್ರಮ ಹೀಗೆ: ಲಿವರ್ ಎಳೆದು ಗೇರ್ ಬಿಡಿಸಿ. ಜೋಡಿಯನ್ನು ಹಿಂದಕ್ಕೆ ತಳ್ಳಿ. ಅರ್ಧ ಹುಲ್ಲು ತಾನೇ ಕಳಚಿಕೊಳ್ಳುತ್ತದೆ. ಉಳಿದದ್ದಕ್ಕೆ ಹಿಂದಿನಿಂದ ಇಳಿಯಿರಿ, ಲಗಾಮು ಕೈಯಲ್ಲೇ ಇರಲಿ, ಕಡ್ಡಿಯಿಂದ ತೆಗೆಯಿರಿ.

ಈಗ ಪ್ರಶ್ನೆಗಳು. "ಮಾಮೂಲಿ" ಅಂದರೆ 5 ಅಡಿಯೋ 6 ಅಡಿಯೋ 7 ಅಡಿಯೋ? ಯಾವ ಹುಲ್ಲು? ಕಚ್ಚಿಕೊಳ್ಳುವುದು ಬಾರ್‌ನ ಒಳಗಡೆಯೋ, ಹೊರತುದಿಯೋ, ಎಲ್ಲ ಕಡೆಯೋ? ಹೊಸ ಪಿಟ್‌ಮನ್ ಎಲ್ಲಿಂದ ತಂದಿರಿ?

ಮೂಡಿಗೆರೆ_ವರ್ಕ್‌ಶಾಪ್

ಮೇಡಂ ಹೇಳಿದ್ದು ಸರಿ, ಆದರೂ ಬ್ಲೇಡ್ ನೋಡಿ ಅಂತೀನಿ. ಸೆಕ್ಷನ್ ಹರಿತ ಇದ್ದರೂ ಕೆಳಗಿನ ಲೆಜರ್ ಪ್ಲೇಟ್ ಸವೆದಿದ್ದರೆ ಏನು ಉಪಯೋಗ? ಕತ್ತರಿಯ ಎರಡೂ ಅಲಗು ಇರಬೇಕಲ್ವಾ. ಗಾರ್ಡ್ ಒಳಗೆ ಗರಗಸದ ಹಲ್ಲಿನ ಹಾಗೆ ಇರುತ್ತದೆ, ಉಗುರಿನಿಂದ ಸವರಿ. ನುಣ್ಣಗಾಗಿದ್ದರೆ ಹುಲ್ಲು ಜಾರಿ ಮಡಚಿಕೊಳ್ಳುತ್ತದೆ.

ಮತ್ತೆ ಆ ಮರದ ಕೋಲು ಯಾಕೆ? ಒಂದು ಸ್ಟೀಲ್ ಪೈಪ್ ಕತ್ತರಿಸಿ ಎರಡು ತುದಿಗೆ ಬುಷ್ ವೆಲ್ಡ್ ಮಾಡಿ. ಜನ್ಮದಲ್ಲಿ ಮುರಿಯುವುದಿಲ್ಲ.

ಒಹಾಯೊ_ಹಯಗ್ರೀವ

ಸ್ಟೀಲ್ ಬೇಡವೇ ಬೇಡ! ಒಂದು ಕಲ್ಲೋ ತಂತಿಯೋ ಸಿಕ್ಕರೆ ಏನಾದರೂ ಒಂದು ಮುರಿಯಲೇಬೇಕು. ಕೋಲು ಮುರಿದರೆ ಮತ್ತೊಂದು ಕೋಲು. ಕೋಲು ಮುರಿಯದಿದ್ದರೆ ನೈಫ್ ಹೆಡ್ಡೋ ಫ್ಲೈವೀಲ್ ಪಿನ್ನೋ ಹೋಗುತ್ತದೆ, ಅವನ್ನು ಎಲ್ಲಿಂದ ತರುತ್ತೀರಿ? ಮರ ಹಗುರ ಕೂಡ. ಅಷ್ಟು ವೇಗದಲ್ಲಿ ಹಿಂದೆ ಮುಂದೆ ಹೋಗುವ ಭಾಗಕ್ಕೆ ತೂಕ ಹಾಕಿದರೆ ಇಡೀ ಯಂತ್ರ ನಡುಗುತ್ತದೆ.

ಮೂಡಿಗೆರೆ_ವರ್ಕ್‌ಶಾಪ್

ಪೈಪ್ ಅಂದೆ ಸ್ವಾಮಿ, ರೈಲು ಕಂಬಿ ಅನ್ನಲಿಲ್ಲ. ನನ್ನ ಟಿಲ್ಲರ್‌ಗೆ ಮುಂದೆ ಕಟರ್ ಬಾರ್ ಕೂರಿಸಿದ್ದೇನೆ, ಪೂರ್ತಿ ಸ್ಟೀಲ್ ಲಿಂಕ್. ತೋಟದ ಅಂಚಿನ ನೇಪಿಯರ್ ಹುಲ್ಲು ಸರಸರ ಬೀಳುತ್ತದೆ. ಫೋಟೊ ಹಾಕಿದ್ದೇನೆ ನೋಡಿ. ಮುಂದಿನ ಚಕ್ರ ಹಳೆ ಸ್ಕೂಟರಿನದು, ಹ್ಯಾಂಡಲ್ ರಬ್ಬರ್ ಬುಲೆಟ್ ಬೈಕಿನದು.

ಬಯಲುಸೀಮೆ_ಬಸಣ್ಣ

ಟಿಲ್ಲರ್ ಭಾರಿ ಐತ್ರೀ ಸರ! ಎಂಜಿನ್ ಎಷ್ಟು ಎಚ್‌ಪಿ? ಎಣ್ಣೆ ಎಷ್ಟು ಕುಡಿಯುತ್ತದೆ?

ಮೂಡಿಗೆರೆ_ವರ್ಕ್‌ಶಾಪ್

ಬಸಣ್ಣ, ಅದಕ್ಕೆ ಬೇರೆ ಪೋಸ್ಟ್ ಹಾಕುತ್ತೇನೆ. ವಿಡಿಯೊ ಇದೆ.

ರಾಘು_ಲ್ಯಾಂಕಾಸ್ಟರ್

ಟಿಲ್ಲರ್ ವಿಷಯ ಆಮೇಲೆ ಮಾತಾಡೋಣ, ಪ್ಲೀಸ್.

ಸುಧಾ ಮೇಡಂ, ಬಾರ್ 6 ಅಡಿ. ಹುಲ್ಲು ಆರ್ಚರ್ಡ್ ಗ್ರಾಸ್ ಜೊತೆ ಕುದುರೆ ಮಸಾಲೆ ಸೊಪ್ಪು. ಕಚ್ಚುವುದು ಎಲ್ಲ ಕಡೆ, ಹೊರಗಡೆ ಸ್ವಲ್ಪ ಜಾಸ್ತಿ. ಪಿಟ್‌ಮನ್ ನಾನೇ ಮಾಡಿದ್ದು. ಹಳೆಯದರ ತುಂಡು ಜೋಡಿಸಿಟ್ಟು ಅಳತೆ ತೆಗೆದು, ಅಂಗಡಿಯ ಪೈನ್ ಪಟ್ಟಿಯಲ್ಲಿ ಕೊರೆದೆ. ಲೆಜರ್ ಪ್ಲೇಟ್ ಹಲ್ಲು ಉಗುರಿಗೆ ತಾಗುತ್ತದೆ.

ಒಹಾಯೊ_ಹಯಗ್ರೀವ

ಪೈನ್!! ಹಿಕರಿ ಅಥವಾ ಆಶ್ ಹಾಕಬೇಕು ಸರ್. ಎಳೆ ಉದ್ದಕ್ಕೂ ನೇರ ಇರಬೇಕು, ಗಂಟು ಇರಬಾರದು. ಪೈನ್ ಬೆಂಕಿಪೊಟ್ಟಣಕ್ಕೆ ಸರಿ.

ಫ್ಲೈವೀಲ್ ಸುತ್ತು ಎಣಿಸಿದಿರಾ?

ಸುಧಾ_ವಿಸ್ಕಾನ್ಸಿನ್

ಈಗ ಬೆಳಕು ಬಿತ್ತು. ಮರದ ಜಾತಿ ಆಮೇಲೆ ನೋಡೋಣ. ಮುರಿದ ತುಂಡು ಜೋಡಿಸಿ ಅಳತೆ ತೆಗೆದಿದ್ದೀರಿ. ಸೀಳಿದ ಮರ ಸರಿಯಾಗಿ ಕೂರುವುದಿಲ್ಲ, ಉದ್ದ ಒಂದಿಷ್ಟು ಜಾಸ್ತಿ ಬಂದಿರಬಹುದು. ಅಲ್ಲೇ ರಿಜಿಸ್ಟರ್, ಅಂದರೆ ಸೆಕ್ಷನ್ ಗಾರ್ಡಿನ ನಡುವೆ ಬಂದು ನಿಲ್ಲುವ ಲೆಕ್ಕ, ತಪ್ಪುತ್ತದೆ.

ಕುದುರೆ ಬಿಚ್ಚಿ. ಬಾರ್ ನೆಲಕ್ಕೆ ಬಿಟ್ಟು ಫ್ಲೈವೀಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ನೈಫ್ ಪೂರ್ತಿ ಒಳಗೆ ಬಂದು ನಿಂತಾಗ ಪ್ರತಿ ಸೆಕ್ಷನ್ನಿನ ಮೂತಿ ಗಾರ್ಡಿನ ನಟ್ಟನಡುವೆ ಇರಬೇಕು. ಪೂರ್ತಿ ಹೊರಗೆ ಹೋದಾಗಲೂ ಹಾಗೇ ಪಕ್ಕದ ಗಾರ್ಡಿನ ನಡುವೆ. ಸೆಕ್ಷನ್ ಅಗಲ 3 ಇಂಚು, ಗಾರ್ಡಿನಿಂದ ಗಾರ್ಡಿಗೆ 3 ಇಂಚು. ಲೆಕ್ಕ ಇರುವುದೇ ಹಾಗೆ. ಒಂದು ಕಡೆ ದಾಟಿ ಹೋಗಿ ಇನ್ನೊಂದು ಕಡೆ ಮುಟ್ಟದಿದ್ದರೆ ಆ ಕಡೆ ಹುಲ್ಲು ಅರ್ಧ ಕತ್ತರಿಸಿ ಅರ್ಧ ಜಗಿದ ಹಾಗೆ ಆಗುತ್ತದೆ. ನಿಮ್ಮದು ಎಲ್ಲ ಕಡೆ ಕಚ್ಚುತ್ತದೆ ಅಂದಿರಲ್ಲ, ಅದಕ್ಕೇ ನನಗೆ ಇದರ ಮೇಲೆ ಅನುಮಾನ.

ಎರಡನೆಯದು ಲೀಡ್. ಬಾರ್‌ನ ಹೊರತುದಿ ಒಳತುದಿಗಿಂತ ಮುಂದೆ ಇರಬೇಕು. ಅಡಿಗೆ ಸುಮಾರು ಕಾಲು ಇಂಚು ಅಂತ ಲೆಕ್ಕ, ನಿಮ್ಮ 6 ಅಡಿಗೆ ಒಂದೂವರೆ ಇಂಚು. ಕೊಯ್ಯುವಾಗ ಹುಲ್ಲಿನ ಒತ್ತಡಕ್ಕೆ ಬಾರ್ ಹಿಂದಕ್ಕೆ ಬಾಗುತ್ತದೆ. ಆಗ ನೈಫೂ ಪಿಟ್‌ಮನ್ನೂ ಒಂದೇ ಗೆರೆಗೆ ಬರಬೇಕು. ಬಾರ್ ಮೊದಲೇ ಹಿಂದಿದ್ದರೆ ಪಿಟ್‌ಮನ್ ಪ್ರತಿ ಹೊಡೆತಕ್ಕೂ ಪಕ್ಕಕ್ಕೆ ಬಾಗುತ್ತದೆ. ಹಿಕರಿಯಾದರೂ ಮುರಿಯುತ್ತದೆ, ಪೈನ್ ಆದರೂ ಮುರಿಯುತ್ತದೆ.

ಅಳೆಯುವುದು ಹೀಗೆ: ಚಕ್ರಗಳ ಅಚ್ಚಿಗೆ ಸಮನಾಗಿ ಬಾರ್ ಮುಂದೆ ಒಂದು ದಾರ ಎಳೆದು ಕಟ್ಟಿ. ಹೊರತುದಿಯನ್ನು ಯಾರಾದರೂ ಹಿಂದಕ್ಕೆ ಒತ್ತಿ ಹಿಡಿಯಲಿ, ಕೀಲಿನ ಸಡಿಲ ಎಲ್ಲ ಹೋಗಬೇಕು. ದಾರದಿಂದ ನೈಫಿನ ಬೆನ್ನಿಗೆ ಒಳಗಡೆ ಎಷ್ಟು, ಹೊರಗಡೆ ಎಷ್ಟು ನೋಡಿ. ಒತ್ತಿ ಹಿಡಿಯದೆ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ.

ಮೂಡಿಗೆರೆ_ವರ್ಕ್‌ಶಾಪ್

ದಾರ ಎಳೆಯೋದು, ಅಳೆಯೋದು ಎಲ್ಲಾ ಸರಿ. ಅರ ತಗೊಂಡು ಹತ್ತು ನಿಮಿಷ ಉಜ್ಜಿದ್ದರೆ ಇಷ್ಟೊತ್ತಿಗೆ ಹುಲ್ಲು ಬಿದ್ದಿರುತ್ತಿತ್ತು.

ಇತಿಹಾಸ_ಪ್ರಿಯ

ನಮಸ್ಕಾರ. ಯಂತ್ರ ಬಿಚ್ಚುವುದು ನನಗೆ ಗೊತ್ತಿಲ್ಲ, ಆದರೆ ಕುಯ್ಲಿನ ಯಂತ್ರ ಕಂಡುಹಿಡಿದ ಮೆಕಾರ್ಮಿಕ್ ಅವರದೇ ಮೋವರ್ ಇಟ್ಟುಕೊಂಡಿದ್ದೀರಿ, ಖುಷಿಯಾಯಿತು. 1831ರಲ್ಲಿ ವರ್ಜೀನಿಯಾದಲ್ಲಿ ಮೊದಲು ಓಡಿಸಿದ್ದು ಅವರೇ ತಾನೇ?

ಒಹಾಯೊ_ಹಯಗ್ರೀವ

ಸರ್, ಆ ಜಗಳ ಹಳೆಯದು. ಪೇಟೆಂಟ್ ಮೊದಲು ಪಡೆದವನು ಓಬೆಡ್ ಹಸ್ಸಿ, 1833 ಡಿಸೆಂಬರ್ 31. ಮೆಕಾರ್ಮಿಕ್‌ಗೆ ಸಿಕ್ಕಿದ್ದು 1834ರ ಜೂನ್‌ನಲ್ಲಿ. 1848ರಲ್ಲಿ ಮೆಕಾರ್ಮಿಕ್ ತನ್ನ ಪೇಟೆಂಟಿನ ಅವಧಿ ವಿಸ್ತರಿಸಿ ಅಂತ ಕೇಳಿದಾಗ ಆಗಲ್ಲ ಅಂದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ ಇವರಿಬ್ಬರಿಗಿಂತ ಮುಂಚೆಯೇ 1820ರ ದಶಕದಲ್ಲಿ ಮಾಡಿದ್ದ. ಅವನ ಯಂತ್ರವನ್ನು ಕುದುರೆಗಳು ಎಳೆಯುತ್ತಿರಲಿಲ್ಲ, ಹಿಂದಿನಿಂದ ತಳ್ಳುತ್ತಿದ್ದವು!

ರಾಘು ಅವರ ಸಮಸ್ಯೆಗೂ ಇದಕ್ಕೂ ಸಂಬಂಧ ಇದೆ. ಗಾರ್ಡ್ ಸೀಳಿನಲ್ಲಿ ಹುಲ್ಲು ಕಚ್ಚಿಕೊಳ್ಳುವ ರೋಗ ಆಗಲೂ ಇತ್ತು. ಹಸ್ಸಿ 1847ರಲ್ಲಿ ಗಾರ್ಡಿನ ಮೇಲ್ಭಾಗವನ್ನು ಹಿಂದುಗಡೆ ತೆರೆದಿಟ್ಟ. ಒಳಗೆ ಸಿಕ್ಕ ಚೂರು ಹೊರಬೀಳಲಿ ಅಂತ. ಈಗ ನಿಮ್ಮ ನಂಬರ್ 9ರಲ್ಲಿ ಇರುವ ಗಾರ್ಡೂ ಅದೇ ಉಪಾಯದ್ದು. ಹೆಸರು ಮೆಕಾರ್ಮಿಕ್‌ದು, ಬಾಯಿ ಹಸ್ಸಿಯದು.

ಇನ್ನು ಮೋವರ್ ಅಂದರೆ ನಮ್ಮ ಒಹಾಯೊ ಬಿಟ್ಟರೆ ಹೇಗೆ! 1856ರಲ್ಲಿ ಕ್ಯಾಂಟನ್ ಊರಿನ ಆಲ್ಟ್‌ಮನ್ ಮತ್ತು ಲೂಯಿಸ್ ಮಿಲ್ಲರ್ ಅವರ ಬಕ್ಐ ಮೋವರ್. ಎರಡು ಚಕ್ರ, ಕೀಲು ಹಾಕಿದ ಬಾರ್. ಅದಕ್ಕೂ ಮುಂಚೆ ಸಾಮಾನ್ಯವಾಗಿ ಬಾರ್ ಗಟ್ಟಿಯಾಗಿ ಬಿಗಿದಿರುತ್ತಿತ್ತು. ನೆಲ ಏರಿಳಿತ ಇದ್ದರೆ ಒಂದು ಕಡೆ ಮಣ್ಣು, ಒಂದು ಕಡೆ ಗಾಳಿ ಕೊಯ್ಯುತ್ತಿತ್ತು. ಈ ಮಿಲ್ಲರ್ ಮುಂದೆ ಥಾಮಸ್ ಎಡಿಸನ್‌ಗೆ ಹೆಣ್ಣು ಕೊಟ್ಟ ಮಾವ.

ಇತಿಹಾಸ_ಪ್ರಿಯ

ಆದರೂ ಮಾರಿದ್ದು ಮೆಕಾರ್ಮಿಕ್ ಅಲ್ವಾ? 1851ರ ಲಂಡನ್ ಪ್ರದರ್ಶನದಲ್ಲಿ ಪದಕ ಬಂದಿದ್ದು ಯಾರಿಗೆ? ಶಿಕಾಗೋದಲ್ಲಿ ಕಾರ್ಖಾನೆ ಹಾಕಿ ರೈತರಿಗೆ ಕಂತಿನಲ್ಲಿ ಕೊಟ್ಟಿದ್ದು ಯಾರು?

ಒಹಾಯೊ_ಹಯಗ್ರೀವ

ಮಾರುವುದು ಬೇರೆ, ಕಂಡುಹಿಡಿಯುವುದು ಬೇರೆ ಸರ್.

ಅಡ್ಮಿನ್

ಇತಿಹಾಸದ ಚರ್ಚೆಗೆ ಬೇರೆ ವಿಭಾಗ ಇದೆ. ಇಲ್ಲಿ ಮೋವರ್ ರಿಪೇರಿ ಮಾತ್ರ.

ಬಯಲುಸೀಮೆ_ಬಸಣ್ಣ

ಚಕ್ರದೊಳಗಿನ ನಾಯಿ ನೋಡಿದ್ರೇನು? ನಮ್ಮ ಕಡೆ ರ‍್ಯಾಚೆಟ್ ಕೊಕ್ಕೆಗೆ ನಾಯಿ ಅಂತೀವಿ. ಚಕ್ರ ಮುಂದೆ ಹೋದರೆ ಹಿಡಿಯಬೇಕು, ಹಿಂದೆ ಹೋದರೆ ಕಟಕಟ ಅಂತ ಬಿಡಬೇಕು. ಸ್ಪ್ರಿಂಗ್ ಹೋಗಿದ್ದರೆ ಒಂದೇ ಚಕ್ರ ಎಳೆಯುತ್ತದೆ.

ಸುಧಾ_ವಿಸ್ಕಾನ್ಸಿನ್

ಬಸಣ್ಣ ಹೇಳಿದ್ದನ್ನೂ ನೋಡಬೇಕು. ಒಂದೊಂದೇ ಚಕ್ರ ಜಾಕ್ ಮೇಲೆ ಎತ್ತಿ, ಗೇರ್ ಹಾಕಿ ಮುಂದಕ್ಕೆ ತಿರುಗಿಸಿದರೆ ಗೊತ್ತಾಗುತ್ತದೆ. ಆದರೆ ರಾಘು ಅವರ ಚಕ್ರ ನೆಲ ಕೆರೆಯುತ್ತದೆ ಅಂದರೆ ಕೊಕ್ಕೆ ಹಿಡಿದಿದೆ ಅಂತ ಅರ್ಥ. ಹಿಡಿಯದಿದ್ದರೆ ಚಕ್ರ ಸುಮ್ನೆ ಉರುಳುತ್ತಿತ್ತು, ನೈಫ್ ಮಾತ್ರ ನಿಲ್ಲುತ್ತಿತ್ತು.

ರಾಘು_ಲ್ಯಾಂಕಾಸ್ಟರ್

ಮಳೆ ಬಂತು, ಹುಲ್ಲು ಮಲಗಿತು. ಆ ಹೊತ್ತಲ್ಲಿ ಶೆಡ್ಡಿನಲ್ಲಿ ಅಳೆದೆ.

ರಿಜಿಸ್ಟರ್: ಒಳಗೆ ಬಂದಾಗ ಸೆಕ್ಷನ್ ನಡುವಿಗೆ ಮುಟ್ಟುವುದೇ ಇಲ್ಲ, ಅರ್ಧ ಇಂಚು ಆಚೆ ನಿಲ್ಲುತ್ತದೆ. ಹೊರಗೆ ಹೋದಾಗ ಅಷ್ಟೇ ದಾಟುತ್ತದೆ.

ಲೀಡ್: ಇಲ್ಲವೇ ಇಲ್ಲ. ಹೊರತುದಿ ಹತ್ತಿರ ಹತ್ತಿರ ಒಂದು ಇಂಚು ಹಿಂದಿದೆ!! ಅಜ್ಜ ಬಂದು ನೋಡಿ ಒಳಗಡೆಯ ಕೀಲಿನ ಪಿನ್ ಅಲ್ಲಾಡಿಸಿದರು. ಲಟಲಟ ಅಂತು. ಮಾತೂ ಆಡಲಿಲ್ಲ, ನಕ್ಕು ಹೋದರು.

ಇದನ್ನು ಮಾರಿದವನು ಬಣ್ಣ ಮಾತ್ರ ಚೆನ್ನಾಗಿ ಹೊಡೆದಿದ್ದ.

ಸುಧಾ_ವಿಸ್ಕಾನ್ಸಿನ್

ಹಾಗಾದರೆ ಮೊದಲು ಪಿನ್‌ಗಳು. ಲೇತ್‌ನಲ್ಲಿ ಹೊಸದು ತಿರುಗಿಸಿಕೊಡುತ್ತಾರೆ. ತೂತು ಮೊಟ್ಟೆ ಆಕಾರಕ್ಕೆ ಸವೆದಿದ್ದರೆ ಕೊರೆದು ಬುಷ್ ಹಾಕಿಸಿ. ಆಮೇಲೆ ಕೀಲಿನ ಹತ್ತಿರ ಎಕ್ಸೆಂಟ್ರಿಕ್ ಬುಷ್ (ತೂತು ನಟ್ಟನಡುವೆ ಇಲ್ಲದ ಬುಷ್) ಇರುತ್ತದೆ, ಅದನ್ನು ತಿರುಗಿಸಿದರೆ ಬಾರ್ ಮುಂದೆ ಬರುತ್ತದೆ. ಪಿನ್ ಲೂಸ್ ಇಟ್ಟುಕೊಂಡು ಬುಷ್ ತಿರುಗಿಸಲು ಹೋಗಬೇಡಿ. ಎರಡೂವರೆ ಇಂಚು ಸರಿಪಡಿಸುವುದು ಅದೊಂದರಿಂದ ಆಗುವ ಮಾತಲ್ಲ.

ಲೀಡ್ ಸರಿಯಾದ ಮೇಲೆ ರಿಜಿಸ್ಟರ್ ನೋಡಿ, ಮೊದಲೇ ನೋಡಿದರೆ ಮತ್ತೆ ಬದಲಾಗುತ್ತದೆ. ಕೋಲಿನ ತೂತಿನ ಅಂತರವನ್ನು ಒಡೆಯದ ಹಳೆ ಪಿಟ್‌ಮನ್ ಇಟ್ಟು ಅಳೆಯಿರಿ. ಅಜ್ಜನ ಕೊಟ್ಟಿಗೆಯಲ್ಲಿ ಖಂಡಿತ ಒಂದಿರುತ್ತದೆ.

ಇನ್ನೊಂದು. ನೈಫ್ ಮೇಲೆ ಒತ್ತುವ ಕ್ಲಿಪ್‌ಗಳು. ನೈಫ್ ಎದ್ದರೆ ಸೆಕ್ಷನ್ ಮೂತಿ ಲೆಜರ್ ಪ್ಲೇಟ್ ಬಿಟ್ಟು ಮೇಲೆ ಹೋಗುತ್ತದೆ, ಎಳೆ ಹುಲ್ಲು ಅಡಿಗೆ ನುಗ್ಗುತ್ತದೆ. ಕ್ಲಿಪ್ಪಿಗೂ ನೈಫಿಗೂ ನಡುವೆ ದಪ್ಪ ರಟ್ಟಿನಷ್ಟು ಸಂದು ಸಾಕು, ಅದಕ್ಕಿಂತ ಜಾಸ್ತಿ ಬೇಡ. ನೈಫ್ ಹೊರಗೆ ತೆಗೆದು ಕ್ಲಿಪ್ ಮೇಲೆ ಸುತ್ತಿಗೆಯಲ್ಲಿ ತಟ್ಟಿ. ಬಿಗಿ ಜಾಸ್ತಿ ಆದರೆ ಎರಡು ಬೋಲ್ಟ್ ನಡುವೆ ತಟ್ಟಿ, ಮೂತಿ ಏಳುತ್ತದೆ. ಕೊನೆಗೆ ನೈಫ್ ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು.

ಒಹಾಯೊ_ಹಯಗ್ರೀವ

ಮೂಕಿ ಎತ್ತರವನ್ನೂ ನೋಡಿಬಿಡಿ. ನೊಗದ ತುದಿಯಲ್ಲಿ ನೆಲದಿಂದ ಸುಮಾರು 32 ಇಂಚು. ಕುದುರೆ ಎತ್ತರ ಇದ್ದು ಮೂಕಿ ಮೇಲಕ್ಕೆ ಎದ್ದರೆ ಗಾರ್ಡ್ ಮೂತಿ ಆಕಾಶ ನೋಡುತ್ತದೆ. ನನ್ನ ಬೆಲ್ಜಿಯನ್ ಜೋಡಿಗೆ ನಾನು ಸರಪಳಿ ಉದ್ದ ಮಾಡಿಕೊಂಡಿದ್ದೇನೆ. ಅಂದ ಹಾಗೆ ನನ್ನ ಹತ್ತಿರ ಈಗ ಎರಡು ನಂಬರ್ 9, ಒಂದು ನಂಬರ್ 7, ಒಂದು ಜಾನ್ ಡೀರ್ ಬಿಗ್ 4. ಹೆಂಡತಿ ಶೆಡ್ ಬಾಗಿಲಿಗೆ ಬೀಗ ಹಾಕುತ್ತೇನೆ ಅಂದಿದ್ದಾಳೆ.

ಫ್ಲೈವೀಲ್ ಸುತ್ತು?

ರಾಘು_ಲ್ಯಾಂಕಾಸ್ಟರ್

ಪಿನ್ ಹೊಸದು ಹಾಕಿಸಿದೆ. ಲೀಡ್ ಈಗ ಒಂದು ಇಂಚು ಮುಂದಿದೆ, ಪೂರ್ತಿ ಒಂದೂವರೆ ಬರಲಿಲ್ಲ, ಬುಷ್ ಅಲ್ಲಿಗೇ ನಿಂತಿತು. ಆಶ್ ಕೋಲು ಅಜ್ಜನ ಅಳತೆಯಲ್ಲೇ ಮಾಡಿದೆ. ರಿಜಿಸ್ಟರ್ ಸರಿ ಕೂತಿದೆ. ಎರಡನೇ ಬೆಳೆಯ ಹುಲ್ಲು ಕೊಯ್ದೆ, ಸುಧಾ ಮೇಡಂಗೆ ದೊಡ್ಡ ಥ್ಯಾಂಕ್ಸ್. ಕೋಲು ಮುರಿದಿಲ್ಲ.

ಆದರೆ ಹೊರತುದಿಯಲ್ಲಿ, ಕುದುರೆ ಮಸಾಲೆ ದಟ್ಟ ಇರುವ ಕಡೆ, ಇನ್ನೂ ಆಗಾಗ ಕಚ್ಚುತ್ತದೆ. ಮೂಲೆಯಲ್ಲಿ ತಿರುಗಿಸಿ ಮತ್ತೆ ಶುರು ಮಾಡುವಾಗ ಜಾಸ್ತಿ.

ಮೂಡಿಗೆರೆ_ವರ್ಕ್‌ಶಾಪ್

ನಾನೇನು ಹೇಳಿದೆ?

ಸುಧಾ_ವಿಸ್ಕಾನ್ಸಿನ್

ಮೂಲೆಯಲ್ಲಿ ನಿಂತಲ್ಲಿಂದಲೇ ಹುಲ್ಲಿಗೆ ನುಗ್ಗಿಸಬೇಡಿ. ಒಂದೆರಡು ಹೆಜ್ಜೆ ಹಿಂದೆ ಸರಿಸಿ, ಗೇರ್ ಹಾಕಿ ಹೊರಡಿ. ಹುಲ್ಲು ಸಿಗುವ ಮುಂಚೆ ನೈಫಿಗೆ ವೇಗ ಬಂದಿರಬೇಕು. ಇದರಲ್ಲಿ ಚಕ್ರ ಉರುಳಿದರಷ್ಟೇ ನೈಫ್.

ಹೊರತುದಿಗೆ: ಕೊನೆಯ ಗಾರ್ಡ್‌ಗಳು ಕೆಳಗೋ ಮೇಲೋ ಬಾಗಿರಬಹುದು. ನೈಫ್ ತೆಗೆದು ಒಂದು ತುದಿಯಿಂದ ಕಣ್ಣಿಟ್ಟು ನೋಡಿ, ಲೆಜರ್ ಪ್ಲೇಟ್ ಎಲ್ಲ ಒಂದೇ ಮಟ್ಟದಲ್ಲಿ ಕಾಣಬೇಕು. ಹೊರಗಿನ ಹಲಗೆ ಇದೆಯಾ? ಕೊಯ್ದ ಹುಲ್ಲನ್ನು ಒಳಕ್ಕೆ ಸರಿಸುವ ಹಲಗೆ. ಇಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಒಳಗಿನ ಶೂಗೂ (ಬಾರ್ ನೆಲದ ಮೇಲೆ ಜಾರುವ ಪಾದ) ಹುಲ್ಲು ಸುತ್ತಿಕೊಳ್ಳುತ್ತದೆ. ಫೋಟೊ ಹಾಕಿ.

ಬಾಗಲಕೋಟೆ_ಟು_ಮಿಸೌರಿ

ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ, ಬೈಬೇಡಿ. ನನ್ನ ಹತ್ತಿರ ಕುದುರೆ ಎಳೆಯುವ, ಗೋಧಿ ಕೊಯ್ದು ಹುರಿಯಲ್ಲಿ ಕಟ್ಟು ಕಟ್ಟುವ ಬೈಂಡರ್ ಇದೆ. ಕಟ್ಟು ಬರುತ್ತದೆ, ಹುರಿ ಬರುತ್ತದೆ, ಗಂಟು ಬೀಳುವುದಿಲ್ಲ. ಕಟ್ಟು ಬಿಚ್ಚಿಕೊಂಡು ಬಿದ್ದುಹೋಗುತ್ತದೆ.

ಒಹಾಯೊ_ಹಯಗ್ರೀವ

ಆಪಲ್‌ಬಿ ನಾಟರ್, ಗಂಟು ಹಾಕುವ ಭಾಗ! 1878ರ ವಿದ್ಯೆ, ಇವತ್ತಿಗೂ ಬೇಲರ್‌ಗಳಲ್ಲಿ ಅದರ ಮೊಮ್ಮಕ್ಕಳೇ ಓಡುತ್ತಿರುವುದು. ಹುರಿಯ ಎರಡೂ ತುದಿ ಬಿಚ್ಚಿಕೊಳ್ಳುತ್ತಿದೆಯೋ, ಒಂದೇ ತುದಿಯಲ್ಲಿ ಗಂಟು ಇದೆಯೋ? ಒಂದೇ ಕಡೆ ಗಂಟು ಇದ್ದರೆ ಹುರಿ ಹಿಡಿಯುವ ಡಿಸ್ಕ್ ಲೂಸ್ ಇದೆಯಾ ನೋಡಿ.

ಅಡ್ಮಿನ್

ಬೈಂಡರ್ ಪ್ರಶ್ನೆಯನ್ನು ಹೊಸ ಚರ್ಚೆಗೆ ಸರಿಸಿದ್ದೇನೆ, ಉತ್ತರ ಅಲ್ಲಿ ಬರೆಯಿರಿ. ರಾಘು ಅವರೇ, ಗಾರ್ಡ್ ಮತ್ತು ಹಲಗೆ ಫೋಟೊ ಇಲ್ಲೇ ಹಾಕಿ.