ಖಾತೆ ಸಂಖ್ಯೆಯ ಸೊನ್ನೆ ಎಲ್ಲಿ ಹೋಯ್ತು?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರಿನ ಸಹಕಾರ ಸಂಘಕ್ಕೆ ಚಲನ್ ಪ್ರಿಂಟ್ ಮಾಡುವ ಪುಟವೊಂದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮಾಡ್ತಿದ್ದೀನಿ. ಮೊತ್ತ, ಖಾತೆ ಸಂಖ್ಯೆ ಎರಡೂ ಚೌಕಕ್ಕೊಂದರಂತೆ ಬಿಡಿ ಅಂಕಿಗಳಾಗಿ ಬೀಳಬೇಕು. 5072 ಅನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ, ಸ್ಪ್ಲಿಟ್ ಮಾಡಿ ಬಿಡಿಸಿ, ಒಂದೊಂದನ್ನೂ ಮತ್ತೆ ಸಂಖ್ಯೆ ಮಾಡೋಕೆ ಮ್ಯಾಪ್‌ಗೆ ಪಾರ್ಸ್‌ಇಂಟ್ ಕೊಟ್ಟೆ. ಬಂದಿದ್ದು 5, ನ್ಯಾನ್ (ಅಂದ್ರೆ ‘ಸಂಖ್ಯೆಯಲ್ಲ’), ನ್ಯಾನ್, 2. ಮೊದಲನೇದು, ಕೊನೇದು ಸರಿ, ನಡುವಿನವೆರಡು ಹಾಳು! ಇನ್ನೊಂದು, 00451 ಅನ್ನೋ ಖಾತೆ ಸಂಖ್ಯೆಯನ್ನು ಪರೀಕ್ಷೆಗೆ ಅಂತ ಕೋಡ್‌ನಲ್ಲೇ ಬರೆದರೆ 297 ಅಂತ ತೋರಿಸ್ತಿದೆ. ತಲೆ ಕೆಟ್ಟುಹೋಗಿದೆ.

ಉತ್ತರ: ಮೊದಲು ನ್ಯಾನ್ ವಿಷಯ. ಮ್ಯಾಪ್ ಪ್ರತಿ ಅಂಕಿಯ ಜೊತೆ ಸೊನ್ನೆಯಿಂದ ಎಣಿಸಿದ ಅದರ ಸ್ಥಾನವನ್ನೂ ದಾಟಿಸುತ್ತದೆ. ಪಾರ್ಸ್‌ಇಂಟ್ ಆ ಎರಡನೇ ಮಾಹಿತಿಯನ್ನು ‘ಇದು ಇಷ್ಟರ ಆಧಾರದ ಸಂಖ್ಯೆ’ (ಆಧಾರ ಅಂದ್ರೆ ಎಷ್ಟು ಅಂಕಿಗಳಲ್ಲಿ ಎಣಿಕೆ ಅನ್ನೋದು) ಎಂದು ತಿಳಿದುಕೊಳ್ಳುತ್ತದೆ. 5ಕ್ಕೆ ಸ್ಥಾನ 0, ಹಾಗಂದ್ರೆ ಮಾಮೂಲಿ ಹತ್ತರ ಲೆಕ್ಕ, ಪಾಸಾಯ್ತು. 0ಗೆ ಆಧಾರ 1, ಅಂಥದ್ದೊಂದು ಇಲ್ಲವೇ ಇಲ್ಲ. 7ಕ್ಕೆ ಆಧಾರ 2, ಅಲ್ಲಿ 7 ಅನ್ನೋ ಅಂಕಿಯೇ ಇರಲ್ಲ. ಕೊನೆಯ 2ಕ್ಕೆ ಆಧಾರ 3, ಅದೃಷ್ಟಕ್ಕೆ ಬಚಾವ್. ಪಾರ್ಸ್‌ಇಂಟ್ ತೆಗೆದು ನಂಬರ್ ಅಂತ ಕೊಟ್ಟರೆ ಸರಿಹೋಗುತ್ತೆ. ಆದರೆ ನಿಮಗೆ ಅದೂ ಬೇಡ. ಚೌಕದಲ್ಲಿ ಅಚ್ಚು ಹಾಕೋದಷ್ಟೇ ಕೆಲಸ ತಾನೆ? ಸ್ಪ್ಲಿಟ್ ಆದಮೇಲೆ ಬರೋ ಅಕ್ಷರಗಳನ್ನೇ ಇಡಿ, ಮ್ಯಾಪ್ ಇರೋ ಸಾಲನ್ನೇ ಅಳಿಸಿ.

297ರ ಕಥೆ ಹಳೇ ಕಾಲದ್ದು. ಕೋಟ್ ಇಲ್ಲದೆ ಸೊನ್ನೆಯಿಂದ ಶುರುವಾಗೋ, 8 ಅಥವಾ 9 ಇಲ್ಲದ ಸಂಖ್ಯೆ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಎಂಟರ ಆಧಾರದಲ್ಲಿ ಓದುತ್ತೆ. 4 ಅರವತ್ತನಾಲ್ಕು 256, 5 ಎಂಟು 40, ಮೇಲೊಂದು, ಒಟ್ಟು 297. ಸ್ಟ್ರಿಕ್ಟ್ ಮೋಡ್ (ಕಟ್ಟುನಿಟ್ಟಿನ ನಿಯಮದ ವಿಧಾನ) ಹಾಕಿದ್ದರೆ ಅಲ್ಲೇ ಎರರ್ ಕೊಟ್ಟು ನಿಲ್ಲಿಸ್ತಿತ್ತು. ಖಾತೆ ಸಂಖ್ಯೆಯನ್ನು ಯಾರಾದ್ರೂ ಕೂಡ್ತಾರಾ, ಕಳೀತಾರಾ? ಅದು ಅಂಕಿಯಲ್ಲಿ ಬರೆದ ಹೆಸರು. ಮೊದಲಿಂದ ಕೊನೆವರೆಗೂ ಸ್ಟ್ರಿಂಗ್ ಆಗೇ ಇರಲಿ, ಡೇಟಾಬೇಸ್‌ನಲ್ಲೂ. ಉದ್ದದ ಖಾತೆ ಸಂಖ್ಯೆಗಳಿದ್ದರೆ ಇನ್ನೊಂದು ಅಪಾಯ ಇದೆ: 9007199254740991 ದಾಟಿದ ಮೇಲೆ ಜಾವಾಸ್ಕ್ರಿಪ್ಟ್ ಎಲ್ಲಾ ಪೂರ್ಣಾಂಕಗಳನ್ನೂ ನಿಖರವಾಗಿ ಹಿಡಿಯಲ್ಲ, ಕೊನೆಯ ಅಂಕಿ ಸದ್ದಿಲ್ಲದೆ ಬದಲಾಗಬಹುದು.

ಇನ್ನೊಬ್ಬ ಸದಸ್ಯರು: ಇಂಟರ್‌ವ್ಯೂನಲ್ಲಿ ನನಗೆ ‘ಸ್ಟ್ರಿಂಗ್ ಮುಟ್ಟದೆ ಅಂಕಿಗಳನ್ನು ಬಿಡಿಸಿ’ ಅಂದ್ರು. ಹತ್ತರಿಂದ ಭಾಗಿಸಿ ಶೇಷ ತಗೊಂಡೆ, ಆದರೂ ತಪ್ಪು ಅಂದ್ರು.

ಉತ್ತರ: ಶೇಷ ಬರೋದು ಬಿಡಿ ಸ್ಥಾನದಿಂದ, ಹಾಗಾಗಿ ಅಂಕಿಗಳು ತಿರುವುಮುರುವಾಗಿ ಸಿಗುತ್ತವೆ. ಅದು ನಿಮಗೆ ಗೊತ್ತಿರುತ್ತೆ ಬಿಡಿ. ಸಾಮಾನ್ಯವಾಗಿ ಸಿಕ್ಕಿಬೀಳೋದು 0 ಕೊಟ್ಟಾಗ: ವೈಲ್ ಲೂಪ್ (ಸಂಖ್ಯೆ ಸೊನ್ನೆ ಆಗೋವರೆಗೂ ಮತ್ತೆ ಮತ್ತೆ ಓಡೋ ಭಾಗ) ಒಳಗೇ ಹೋಗಲ್ಲ, ಖಾಲಿ ಅರೇ (ಪಟ್ಟಿ) ಬರುತ್ತೆ. ಋಣ ಸಂಖ್ಯೆ ಕೊಟ್ಟು ಮ್ಯಾತ್ ಫ್ಲೋರ್ (ಕೆಳಗಿನ ಪೂರ್ಣಾಂಕಕ್ಕೆ ಇಳಿಸೋದು) ಬಳಸಿದರೆ ಇನ್ನೂ ಮಜಾ. ಮೈನಸ್ ಒಂದನ್ನು ಹತ್ತರಿಂದ ಭಾಗಿಸಿ ಫ್ಲೋರ್ ಮಾಡಿದರೆ ಮತ್ತೆ ಮೈನಸ್ ಒಂದೇ, ‘ಸೊನ್ನೆ ಆಗೋವರೆಗೂ’ ಅಂತ ಬರೆದ ಲೂಪ್ ಮುಗಿಯೋದೇ ಇಲ್ಲ. ಮೊದಲೇ ಮ್ಯಾತ್ ಆ್ಯಬ್ಸ್ ಹಾಕಿ ಚಿಹ್ನೆ ಕಳಚಿಡಿ.

ಪ್ರಶ್ನೆ ಕೇಳಿದವರು: ಸರಿಹೋಯ್ತು ಸರ್! ಪೈಸೆಗೆ ಏನು ಮಾಡಲಿ? ಮತ್ತೆ ನಮ್ಮ ಕಾರ್ಯದರ್ಶಿಯವರು ಮೊತ್ತವನ್ನು ಕನ್ನಡ ಅಂಕಿಯಲ್ಲೇ ಟೈಪ್ ಮಾಡ್ತಾರೆ, ೫೦೭೨ ಅಂತ. ಅದಕ್ಕೂ ನ್ಯಾನ್ ಬರ್ತಿದೆ.

ಉತ್ತರ: ಪೈಸೆಗೆ ನೂರರಿಂದ ಗುಣಿಸಿ ಮ್ಯಾತ್ ರೌಂಡ್ (ಹತ್ತಿರದ ಪೂರ್ಣಾಂಕಕ್ಕೆ ತರೋದು) ಮಾಡಿ, ಆಮೇಲೆ ಒಡೆಯಿರಿ. ಫ್ಲೋರ್ ಮಾತ್ರ ಬೇಡ, 4.35 ಇಂಟು 100 ಅಂದ್ರೆ ಅದಕ್ಕೆ 434.99999999999994, ಸಂಘಕ್ಕೆ ಒಂದು ಪೈಸೆ ಖೋತಾ.

ಕಾರ್ಯದರ್ಶಿಯವರು ಬರೆದದ್ದರಲ್ಲಿ ತಪ್ಪೇನಿಲ್ಲ, ಜಾವಾಸ್ಕ್ರಿಪ್ಟ್‌ಗೆ ಕನ್ನಡ ಅಂಕಿ ಓದೋಕೆ ಬರಲ್ಲ ಅಷ್ಟೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡೋ ಯೂನಿಕೋಡ್‌ನಲ್ಲಿ ೦ ಇರೋದು 3302ರಲ್ಲಿ, ೯ ಇರೋದು 3311ರಲ್ಲಿ, ಸಾಲಾಗಿ. ಪ್ರತಿ ಅಕ್ಷರದ ಚಾರ್‌ಕೋಡ್‌ನಿಂದ, ಅಂದ್ರೆ ಆ ಸಂಖ್ಯೆಯಿಂದ, 3302 ಕಳೆದರೆ ಅಂಕಿ ಸಿಗುತ್ತೆ. ಆ ವ್ಯಾಪ್ತಿಯ ಹೊರಗಿನ ಅಕ್ಷರವನ್ನು ಇದ್ದ ಹಾಗೇ ಬಿಡಿ, ಒಬ್ಬೊಬ್ಬರು ಕನ್ನಡ, ಇಂಗ್ಲಿಷ್ ಅಂಕಿ ಎರಡನ್ನೂ ಬೆರೆಸಿ ಬರೀತಾರೆ.