ಮೈಸೂರಿನಲ್ಲಿ ಭಾನುವಾರ ಅವಳನ್ನು ಎಲ್ಲಿಗೆ ಕರೆಯಲಿ?

ಪ್ರಶ್ನೆ: ನನಗೆ 22 ವರ್ಷ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಪರಿಚಯವಾದ ಹುಡುಗಿ ಈಗ ದಿನಾ ಜೊತೆಗೆ ನಡೆಯುತ್ತಾಳೆ, ನಿನ್ನೆ ಒಂದು ಮೊಳ ಮಲ್ಲಿಗೆ ಕೊಟ್ಟೆ, ಮೂಸಿ ನಕ್ಕಳು, ಅಷ್ಟಕ್ಕೇ ಇಡೀ ದಿನ ಹಬ್ಬದಂತಿತ್ತು. ಭಾನುವಾರ ಎಲ್ಲಿಗೆ ಹೋಗಬಹುದು? ಜಾಸ್ತಿ ದುಡ್ಡಿಲ್ಲ.

ಉತ್ತರ 1: ಚಾಮುಂಡಿ ಬೆಟ್ಟ, ಮೆಟ್ಟಿಲು ಹತ್ತಿಯೇ ಹೋಗಿ. ಸುಮಾರು 1000 ಮೆಟ್ಟಿಲು, ಮಾತಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ದೊಡ್ಡ ನಂದಿ ಹತ್ತಿರ ಸುಮ್ನೆ ಕೂತುಕೊಳ್ಳಿ. ನಾವಿಬ್ಬರೂ ಶುರು ಮಾಡಿದ್ದು ಅಲ್ಲೇ.

ಉತ್ತರ 2: ಭಾನುವಾರ ಅಲ್ವಾ, ಸಂಜೆ 7ಕ್ಕೆ ಅರಮನೆ ದೀಪ ಬಿಡಬೇಡಿ! ಬಲ್ಬೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ಅರಮನೆ ಬಿಟ್ಟು ಅವಳ ಮುಖ ನೋಡಿ.

ಪ್ರಶ್ನೆ ಕೇಳಿದವರು: ಕೇಳಿದೆ. ಎರಡೂ ಬೇಕಂತೆ! ಬೆಳಿಗ್ಗೆ 6ಕ್ಕೇ ಬರುತ್ತಾಳೆ.